ಎಡಬದಿಯ ಹಿಂದಿನ ಚಕ್ರ

ಚಳ್ಳಕೆರೆಯಲ್ಲಿ ಆಗ ಕಾರು ರಿಪೇರಿ ಮಾಡುವವರು ಏಳೆಂಟು ಮಂದಿ ಇದ್ದರು. ಅವರಲ್ಲಿ ಕೆಲಸ ಬಲ್ಲವನು ಓಬಳಪ್ಪ ಒಬ್ಬನೇ ಎಂದು ಸ್ವತಃ ಓಬಳಪ್ಪನೇ ಹೇಳಿಕೊಳ್ಳುತ್ತಿದ್ದ. ಹೊಟ್ಟೆ ಉರಿಸುವ ಸಂಗತಿಯೆಂದರೆ ಅದು ನಿಜವಾಗಿತ್ತು. ಬಳ್ಳಾರಿಯ ದೊಡ್ಡ ವರ್ಕ್‌ಶಾಪೊಂದರಲ್ಲಿ ಹನ್ನೊಂದು ವರ್ಷ ದುಡಿದು ಬಂದವನು, ಬಳ್ಳಾರಿ ರಸ್ತೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಕಾಂಪೌಂಡಿಗೆ ತಾಗಿಸಿಕೊಂಡು ತಗಡಿನ ಶೆಡ್ಡು ಹಾಕಿದ್ದ. ನಟ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟಕ್ಕೇ ಟಕ್ಕೆಂದು ಸದ್ದು ಮಾಡಿ ನಿಲ್ಲುವ ಟಾರ್ಕ್ ರೆಂಚ್ ಇಡೀ ತಾಲ್ಲೂಕಿನಲ್ಲಿ ಅವನೊಬ್ಬನ ಬಳಿ ಇತ್ತು. ಉಳಿದ ಗ್ಯಾರೇಜಿನವರು ಸ್ಪ್ಯಾನರಿನ ಹಿಡಿಗೆ ಪೈಪು ತೂರಿಸಿ, ಅದರ ಮೇಲೆ ಹತ್ತಿ ನಿಂತು ಕುಣಿಯುತ್ತಿದ್ದರು. ಅವರನ್ನು ಓಬಳಪ್ಪ ಕೋಲಾಟದವರು ಎಂದು ಕರೆಯುತ್ತಿದ್ದ.

ಅವನ ಗ್ಯಾರೇಜಿಗೆ ಹೋದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಹೈಸ್ಕೂಲು ಮೇಷ್ಟರೊಬ್ಬರು ಸವೆದ ಕ್ಲಚ್ ತಂದಾಗ, "ಕಾಲನ್ನ ಇದರ ಮೇಲೇ ಇಟ್ಕೊಂಡು ನಿದ್ದೆ ಮಾಡ್ತೀರೇನ್ರಿ, ಕ್ಲಾಸಲ್ಲಿ ಮಾಡ್ದಂಗೆ?" ಎಂದು ಹತ್ತು ಜನರ ಮುಂದೆ ಕೇಳಿದ್ದ. ಮೇಷ್ಟರು ಮತ್ತೆ ಬರಲಿಲ್ಲ. ಹಾಗೆ ಬಾರದೆ ಹೋದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಅವನ ಹೆಂಡತಿ ಬೊಮ್ಮಕ್ಕ, "ಎಲ್ಲಾದಕ್ಕೂ ಸ್ಪ್ಯಾನರ್ ಐತೆ ನಿನ್ನತ್ರ, ಬಾಯಿಗೊಂದು ಇಲ್ಲ ನೋಡು" ಎನ್ನುತ್ತಿದ್ದಳು.

ಎರಡು ಸಾವಿರದ ಎರಡನೇ ಇಸವಿಯ ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಮೊಳಕಾಲ್ಮೂರಿನ ಹನುಮಂತರಾಜು ತನ್ನ ಬಿಳಿ ಎಸ್ಟೀಮ್ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ನೇಕಾರರ ಮನೆಗಳಿಂದ ರೇಷ್ಮೆ ಸೀರೆ ಎತ್ತಿ ದಾವಣಗೆರೆ, ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡುವ ವ್ಯಾಪಾರ ಅವನದು. ಅವನ ಊರಿನಲ್ಲಿ ಅವನು ಬೀದಿಗೆ ಬಂದರೆ ಜಗಲಿಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಅದು ಸಾಲದೆಂದು ಅವನಿಗೆ ಈಚೆಗೆ ಅನ್ನಿಸತೊಡಗಿತ್ತು. ಬೆಂಗಳೂರಿಗೆ ಹೋದಾಗ ಯಾವನೋ ಹುಡುಗನ ಕಾರು ನೋಡಿದ್ದ. ಅದರ ಹೊಳೆಯುವ ಅಲಾಯ್ ಚಕ್ರಗಳು ಮೈಯಿಂದ ಹೊರಕ್ಕೆ ಚಾಚಿಕೊಂಡಿದ್ದವು. ಅಂಥವೇ ನಾಲ್ಕು ಚಕ್ರ, ಚಕ್ರವನ್ನು ಹೊರಕ್ಕೆ ತಳ್ಳಲು ನಾಲ್ಕು ದಪ್ಪ ಸ್ಪೇಸರ್ ಬಿಲ್ಲೆ, ಆ ದಪ್ಪಕ್ಕೆ ಸಾಲುವ ಹದಿನಾರು ಉದ್ದನೆಯ ಸ್ಟಡ್ಡು ಕೊಂಡು ತಂದಿದ್ದ.

ಓಬಳಪ್ಪ ಡಿಕ್ಕಿಯೊಳಗೆ ಇಣುಕಿ ನೋಡಿದ.

"ಏನ್ರಿ ಇವು?"

"ಸ್ಟಡ್ಡು. ಚಕ್ರನ ಹಿಡಿದಿಡೋ ಬೋಲ್ಟು. ಸ್ಪೇಸರ್ ಹಾಕಿದ್ರೆ ಹಳೇವು ಸಾಲಲ್ಲ, ಉದ್ದಂದು ಬೇಕು ಅಂದ್ರು" ಎಂದ ಹನುಮಂತರಾಜು, ಮೆಕ್ಯಾನಿಕ್ಕಿಗೇ ಪಾಠ ಹೇಳುವವನಂತೆ.

"ಸ್ಪೇಸರ್ ಯಾತಕ್ಕೆ?"

"ಚಕ್ರ ಹೊರಗೆ ಬರುತ್ತೆ. ಲುಕ್ಕೇ ಬೇರೆ ಆಗುತ್ತೆ."

"ಚಕ್ರ ಒಳಗಿರಲಿ ಅಂತಲೇ ಮೇಲೊಂದು ಮಡ್‌ಗಾರ್ಡ್ ಮಾಡಿರೋದು. ಅದನ್ನ ನೀವು ಹೊರಗೆ ಎಳೀತೀರಿ. ಹಂಗಾದ್ರೆ ನಾಳೆಯಿಂದ ಪಂಚೇನ ತಲೆಗೆ ಸುತ್ಕೊಂಡು, ರುಮಾಲು ಸೊಂಟಕ್ಕೆ ಕಟ್ಕೊಂಡು ಓಡಾಡ್ರಿ. ಲುಕ್ಕೇ ಬೇರೆ ಆಗುತ್ತೆ."

ಪಕ್ಕದ ಲೇತ್ ಅಂಗಡಿಯ ದೊಡ್ಡೀರಪ್ಪ, ಟೀ ಕುಡಿಯುತ್ತಿದ್ದ ಇಬ್ಬರು ಲಾರಿ ಡ್ರೈವರುಗಳು ಗೊಳ್ಳೆಂದು ನಕ್ಕರು. ಹನುಮಂತರಾಜುವಿನ ಕಿವಿ ಕೆಂಪಾಯಿತು. ಆದರೂ ಅವನು ಹೊರಡಲಿಲ್ಲ. ಈ ಕೆಲಸ ಸರಿಯಾಗಿ ಮಾಡುವವನು ಇವನೊಬ್ಬನೇ ಎಂದು ಮೂರು ಕಡೆ ವಿಚಾರಿಸಿಕೊಂಡೇ ಬಂದಿದ್ದ.

ಓಬಳಪ್ಪನೂ ಆಗಲ್ಲ ಎನ್ನಲಿಲ್ಲ. ತಾನು ಒಲ್ಲೆನೆಂದರೆ ಕೋಲಾಟದವರ ಪೈಕಿ ಒಬ್ಬ ಸುತ್ತಿಗೆ ಹಿಡಿದು ಸ್ಟಡ್ಡು ಬಡಿಯುತ್ತಾನೆ, ಬೇರಿಂಗು ಹಾಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಡೀ ಮಧ್ಯಾಹ್ನ ಗೇಲಿ ಮಾಡಲು ಇಂಥ ಗಿರಾಕಿ ದಿನವೂ ಸಿಗುವುದಿಲ್ಲ.

ಹೊಸ ಸ್ಟಡ್ಡೊಂದಕ್ಕೆ ಹಳೆಯ ನಟ್ಟು ಹಾಕಿ ಬೆರಳಿನಲ್ಲೇ ತಿರುಗಿಸಿದ. ಎಲ್ಲೂ ಸಿಕ್ಕಿಕೊಳ್ಳದೆ ಕೊನೆಯವರೆಗೆ ಓಡಿತು, ತಿರುಪಿನ ಮರೆ ಸರಿಯಾಗಿತ್ತು. ತೂತಿನೊಳಗೆ ಕಚ್ಚಿ ಕೂರುವ ಬುಡದ ಹಲ್ಲುಗಳ ದಪ್ಪ ಅಳೆದ, ಅದೂ ಸರಿಯಾಗಿತ್ತು. "ಸಾಮಾನು ಚಲೋದೈತೆ. ತಂದೋರದ್ದೇ ಅನುಮಾನ" ಎಂದ. ಮತ್ತೆ ನಗು.

ಕೆಲಸ ಮಾತ್ರ ನೋಡುವಂತಿತ್ತು. ಮುಂದಿನ ಚಕ್ರ ಬಿಚ್ಚಿ, ಬ್ರೇಕು ಕಳಚಿ, ಚಕ್ರ ಕೂರುವ ಹಬ್ಬಿನಿಂದ ಹಳೆಯ ಸ್ಟಡ್ಡುಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಹೊಸದನ್ನು ಹಿಂದಿನಿಂದ ತೂರಿಸಿ, ಈಚೆಯಿಂದ ನಾಲ್ಕು ವಾಷರು, ಅವಕ್ಕೆ ತುಸು ಗ್ರೀಸು, ಅದರ ಮೇಲೊಂದು ನಟ್ಟು. ನಟ್ಟು ತಿರುಗಿಸಿದಂತೆಲ್ಲ ಸ್ಟಡ್ಡು ತಾನಾಗಿ ಹಬ್ಬಿನೊಳಕ್ಕೆ ಸರಿದು, ಅದರ ತಲೆ ಲೋಹಕ್ಕೆ ಅಂಟಿ ಕೂತಿತು. ಸುತ್ತಿಗೆಯ ಒಂದು ಏಟೂ ಇಲ್ಲ. ಆಮೇಲೆ ತಂತಿ ಬ್ರಷ್ಷಿನಿಂದ ಹಬ್ಬಿನ ಮುಖವನ್ನು ಬೆಳ್ಳಗಾಗುವಷ್ಟು ಉಜ್ಜಿ, ಸ್ಪೇಸರ್ ಕೂರಿಸಿ, ಚಕ್ರವಿಟ್ಟು, ನಟ್ಟುಗಳನ್ನು ಎದುರುಬದುರಾಗಿ ಬಿಗಿದ.

ಮೂರು ಚಕ್ರ ಹೀಗೇ ಆಯಿತು. ನಾಲ್ಕನೆಯದು ಎಡಬದಿಯ ಹಿಂದಿನದು. ಅಷ್ಟು ಹೊತ್ತಿಗೆ ಶೆಡ್ಡಿನ ಮುಂದೆ ಎಂಟು ಹತ್ತು ಜನ ಸೇರಿದ್ದರು. ಹನುಮಂತರಾಜು ಮುಂದಕ್ಕೆ ಚೂಪಾದ ಬೂಟು ಹಾಕಿದ್ದ. ಓಬಳಪ್ಪ ಬ್ರಷ್ಷು ಹಿಡಿದ ಕೈಯನ್ನೇ ಆ ಬೂಟಿನತ್ತ ಚಾಚಿ, "ಇವಕ್ಕೂ ಸ್ಪೇಸರ್ ಹಾಕಿಸೀರೇನ್ರಿ? ಕಾಲು ಬರೋಕೆ ಮುಂಚೆ ಬೂಟು ಬರ್ತೈತೆ" ಎಂದ. ಜನ ನಗುತ್ತಿದ್ದರು, ಅವನು ಇನ್ನಷ್ಟು ಹೇಳುತ್ತಿದ್ದ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಎಲ್ಲ ಮುಗಿದ ಮೇಲೆ ಅವನು ಕೈ ಒರೆಸಿಕೊಂಡು ಹೇಳಿದ: "ನೋಡ್ರಿ, ಸ್ಟಡ್ಡು ಹೊಸದು, ಸ್ಪೇಸರ್ ಹೊಸದು, ಚಕ್ರ ಹೊಸದು. ಓಡ್ತಾ ಓಡ್ತಾ ಒಂದಕ್ಕೊಂದು ಒತ್ಕೊಂಡು ಕೂರ್ತವೆ. ಆವಾಗ ನಟ್ಟು ಸಡ್ಲ ಆಗ್ತವೆ. ಐವತ್ತು ಕಿಲೋಮೀಟ್ರು ಓಡಿದ ಮೇಲೆ ಇನ್ನೊಂದ್ಸಲ ಬಿಗಿ ಮಾಡ್ಬೇಕು. ನಾಳೆ ಬರ್ರಿ."

"ಅದೇನ್ ಮಹಾ, ಊರಲ್ಲಿ ನಾನೇ ಮಾಡ್ಕೊಂತೀನಿ."

"ನೀವಾ? ಸೆರಗು ಸವರೋ ಕೈ ಅದು, ನಟ್ಟು ಸವರಿದ್ರೆ ಬಿಗಿ ಆಗಲ್ಲ. ಬರ್ದೇ ಇದ್ರೆ ನಂಗೇನಿಲ್ಲ. ಚಕ್ರ ನಿಮಗಿಂತ ಮುಂಚೆ ರಾಯದುರ್ಗ ಮುಟ್ಟಿರುತ್ತೆ, ಅಲ್ಲೇ ಹೋಗಿ ಹುಡುಕ್ಕೊಳ್ರಿ."

ಹನುಮಂತರಾಜು ಕಾರು ಹತ್ತಿದ. ಇಪ್ಪತ್ತು ಮಗ್ಗದವರು ಕೈಕಟ್ಟಿ ಮಾತಾಡುವ ಮನುಷ್ಯ ಅವನು. ಊರಿನ ದಾರಿಯಲ್ಲಿ ತಳಕು ದಾಟುವ ಮೊದಲೇ, ಸತ್ತರೂ ಆ ತಗಡಿನ ಶೆಡ್ಡಿಗೆ ಇನ್ನೊಮ್ಮೆ ಕಾಲಿಡುವುದಿಲ್ಲವೆಂದು ತೀರ್ಮಾನಿಸಿದ್ದ. ನಟ್ಟು ಬಿಗಿಸುವ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಊರಿನ ಪಂಕ್ಚರ್ ಅಂಗಡಿಯಲ್ಲಾದರೂ ಬಿಗಿಸಬಹುದಿತ್ತು. ಹಾಗೆ ಮಾಡಿದರೆ ಓಬಳಪ್ಪ ಹೇಳಿದ್ದು ಸರಿ ಎಂದು ಒಪ್ಪಿಕೊಂಡಂತೆ ಅವನಿಗೆ ಕಂಡಿತು. ಕಾರಿನ ಸುತ್ತ ಸೇರಿದವರು ಚಕ್ರ ನೋಡಿ ಬೆರಗಾದದ್ದೇ ಅವನಿಗೆ ಸಾಕಾಗಿತ್ತು. ಮಡ್‌ಗಾರ್ಡಿಗಿಂತ ಆಚೆ ಚಾಚಿದ್ದ ಟೈರು ಬೀದಿಯ ಕೆಸರನ್ನೆಲ್ಲ ಎತ್ತಿ ಬಾಗಿಲಿಗೆ ಬಳಿಯುತ್ತಿತ್ತು. ಅದನ್ನು ದಿನಾ ಬೆಳಿಗ್ಗೆ ತೊಳೆಸುತ್ತಿದ್ದ.

ಅವನ ಹೆಂಡತಿ ಗೀತಮ್ಮ ಮನೆಯಲ್ಲಿ ತೆಲುಗು ಆಡುವ ನೇಕಾರರ ಮಗಳು; ಸಿಟ್ಟು ಬಂದಾಗ ಬಾಯಿಗೆ ತೆಲುಗೇ ಬರುತ್ತಿತ್ತು. ಗಂಡ ತರುವ ಪ್ರತಿ ಸೀರೆಯನ್ನೂ ಅವಳು ಬೆಳಕಿಗೆ ಹಿಡಿದು ನೋಡಿದ ಮೇಲೇ ಅದು ಮನೆಯಿಂದ ಹೊರಡುತ್ತಿದ್ದುದು. ಹದಿನೈದು ದಿನ ಕಳೆದ ಮೇಲೆ, ಹಿಂದಿನ ಸೀಟಿನಲ್ಲಿ ಸೀರೆಯ ಗಂಟುಗಳ ಜೊತೆ ಕೂತಿದ್ದವಳು ಕೇಳಿದಳು:

"ಇದೇನ್ರಿ, ನನ್ನ ಕಾಲಡಿ ಟಕ್ ಟಕ್ ಅಂತೈತೆ?"

"ರಸ್ತೆ ಸರಿಯಿಲ್ಲ."

"ರಸ್ತೆ ಮೊನ್ನೆ ಮೊನ್ನೆ ಮಾಡ್ಯಾರಲ್ಲ. ನಿಲ್ಲಿಸಿ ನೋಡ್ರಿ ಒಂದ್ಸಲ."

ಹನುಮಂತರಾಜು ನಿಲ್ಲಿಸಲಿಲ್ಲ. ಟೇಪ್ ರೆಕಾರ್ಡರಿನ ಸದ್ದು ಜೋರು ಮಾಡಿದ.

ಅದೇ ವಾರ ಬಳ್ಳಾರಿ ಕಡೆಯಿಂದ ಬಂದ ಲಾರಿ ಡ್ರೈವರೊಬ್ಬ ಓಬಳಪ್ಪನ ಶೆಡ್ಡಿನಲ್ಲಿ ಹೇಳಿದ: "ನಿನ್ನ ಸೀರೆ ಸಾಹುಕಾರ ಸಿಕ್ಕಿದ್ದ ಕಣಪ್ಪ ದಾರೀಲಿ. ಎಡಗಡೆ ಹಿಂದಿನ ಚಕ್ರ ಕುಡುಕನಂಗೆ ಓಲಾಡ್ತಿತ್ತು."

ಓಬಳಪ್ಪ ತೊಡೆ ತಟ್ಟಿಕೊಂಡು ನಕ್ಕ. "ಓಲಾಡ್ಲಿ ಬಿಡು. ಅವನೇ ಬರ್ತಾನೆ ಕೈ ಮುಗ್ಕೊಂಡು."

ಊಟ ತಂದಿದ್ದ ಬೊಮ್ಮಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಅವರ ಫೋನ್ ನಂಬ್ರ ಐತಲ್ಲ ನಿನ್ನತ್ರ. ಮಾಡಿ ಹೇಳು."

"ನಾನ್ಯಾಕೆ ಮಾಡ್ಲಿ? ಒಂದ್ಸಲ ಹೇಳೀನಿ. ಕಿವಿ ಇಲ್ವೇನು ಅವನಿಗೆ?"

"ಗಾಡೀಲಿ ಅವನೊಬ್ನೇ ಇರ್ತಾನೇನು?"

ಓಬಳಪ್ಪ ಬುತ್ತಿ ಬಿಚ್ಚಿದ.

ಸಂಕ್ರಾಂತಿಯ ಮರುದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಬಿ.ಜಿ. ಕೆರೆ ದಾಟಿ ತಳಕಿನ ಕಡೆಗೆ ಬರುತ್ತಿದ್ದಾಗ ಎಡಬದಿಯ ಹಿಂದಿನ ಚಕ್ರ ಕಳಚಿತು. ಗೀತಮ್ಮ ಮೊದಲು ಕಂಡದ್ದು ಕಿಟಕಿಯಾಚೆ ತಮ್ಮ ಜೊತೆಗೇ ಓಡುತ್ತಿದ್ದ ಒಂದು ಹೊಳೆಯುವ ಚಕ್ರವನ್ನು. ಅದು ಯಾರದೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಕಾರಿನ ಹಿಂಭಾಗ ದಬ್ಬೆಂದು ರಸ್ತೆಗೆ ಕುಸಿಯಿತು. ಕಿಡಿ ಹಾರಿಸುತ್ತ ಕಾರು ಅಡ್ಡಡ್ಡ ತಿರುಗಿ, ರಸ್ತೆ ಬಿಟ್ಟಿಳಿದು, ಜಾಲಿ ಗಿಡಗಳ ಪೊದೆಗೆ ಮೂತಿ ತೂರಿ ನಿಂತಿತು. ಸೀರೆಯ ಗಂಟುಗಳು ಅವಳ ಮೈಮೇಲೆ ಬಿದ್ದವು. ಹಣೆ ಬಾಗಿಲಿಗೆ ಬಡಿದು ಒಡೆಯಿತು. ಹನುಮಂತರಾಜುವಿನ ಬಲ ಮುಂಗೈ ಮುರಿಯಿತು. ಎದುರಿನಿಂದ ಬರುತ್ತಿದ್ದ ಬಸ್ಸು ಹತ್ತು ಮಾರು ದೂರದಲ್ಲಿ ಕಿರ್ರೆಂದು ನಿಂತಿತ್ತು. ಇನ್ನೊಂದು ಕ್ಷಣ ಆಚೀಚೆ ಆಗಿದ್ದರೆ ಈ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಬೇಕಾಗುತ್ತಿತ್ತು.

ಕುರಿ ಕಾಯುವವನೊಬ್ಬ ಶೇಂಗಾ ಕಿತ್ತ ಹೊಲದಿಂದ ಚಕ್ರ ಉರುಳಿಸಿಕೊಂಡು ತಂದು ಕೊಟ್ಟ. ಗೀತಮ್ಮ ಹಣೆಗೆ ಸೆರಗು ಒತ್ತಿಕೊಂಡೇ ಕಾರಿನ ಹಿಂದೆ ಬಂದು ನೋಡಿದಳು. ನಾಲ್ಕು ಸ್ಟಡ್ಡುಗಳಲ್ಲಿ ಎರಡು ಮುರಿದಿದ್ದವು, ಎರಡರ ಮರೆ ನುಣ್ಣಗೆ ಸವೆದಿತ್ತು. ಸ್ಪೇಸರ್ ಬಿಲ್ಲೆ ರಸ್ತೆಯಲ್ಲೇ ಬಿದ್ದಿತ್ತು. ಅದನ್ನೂ, ಮುರಿದ ತುಂಡುಗಳನ್ನೂ ಹುಡುಕಿ ಒಂದು ಟವೆಲಿನಲ್ಲಿ ಕಟ್ಟಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಆ ಟವೆಲು ಹಿಡಿದು ಓಬಳಪ್ಪನ ಶೆಡ್ಡಿಗೆ ಬಂದಳು. ಜೊತೆಗೆ ಅವಳ ತಮ್ಮ ನಾಗರಾಜ ಇದ್ದ. ಅವಳ ಹಣೆಯ ಮೇಲೆ ಮೂರು ಹೊಲಿಗೆ. ಅಪಘಾತದ ಸುದ್ದಿ ಓಬಳಪ್ಪನಿಗೆ ಹಿಂದಿನ ಸಂಜೆಯೇ ಮುಟ್ಟಿತ್ತು. ಮಾಮೂಲಿನಂತೆ ದೊಡ್ಡೀರಪ್ಪನೂ ಇನ್ನಿಬ್ಬರೂ ಅದನ್ನೇ ಮಾತಾಡುತ್ತ ನಿಂತಿದ್ದರು.

"ಓಬಳಪ್ಪ ಅಂದ್ರೆ ನೀವೇನಾ?"

"ಹೌದಮ್ಮ. ನಾನು ಅವತ್ತೇ ಹೇಳಿದ್ದೆ, ಐವತ್ತು ಕಿಲೋಮೀಟ್ರಿಗೆ..."

"ಹೇಳಿದ್ರಂತೆ. ನಿನ್ನೆ ಆಸ್ಪತ್ರೇಲಿ ನಮ್ಮನೆಯೋರು ಬಾಯಿಬಿಟ್ರು. ಪಂಚೆ, ರುಮಾಲು, ಬೂಟು, ಸೆರಗು ಸವರೋ ಕೈ, ಒಂದೊಂದು ಅಕ್ಷರನೂ ಬಾಯಿಪಾಠ ಆಗೈತೆ ಅವರಿಗೆ. ಬೇಕಾಗಿದ್ದ ಮಾತು ಒಂದೇ, ನಟ್ಟು ಬಿಗಿ ಮಾಡಿಸ್ಬೇಕು ಅನ್ನೋದು. ಅದನ್ನ ಬೈಗುಳದ ಮೂಟೆ ಅಡೀಗೆ ಹಾಕಿ ಕಳಿಸಿದ್ರಿ. ಅವರೂ ಕಮ್ಮಿಯಿಲ್ಲ ಬಿಡ್ರಿ. ಕಾಲಡಿ ಟಕ್ ಟಕ್ ಅಂತೈತೆ ಅಂದ್ರೆ ಟೇಪು ಜೋರು ಮಾಡೋ ಗಂಡಸು. ಇಬ್ರಿಗೂ ನಿಮ್ಮ ನಿಮ್ಮ ಮೀಸೆ ದೊಡ್ಡದು, ಹಿಂದೆ ಕೂತೋಳು ಲೆಕ್ಕಕ್ಕಿಲ್ಲ." ಅವಳು ದೊಡ್ಡೀರಪ್ಪನ ಕಡೆ ತಿರುಗಿದಳು. "ನೀವೆಲ್ಲ ಅವತ್ತು ಭಾಳ ನಕ್ಕಿದ್ರಂತಲ್ಲ. ಈಗ್ಲೂ ನಗ್ರಿ. ಸಿಗ್ಗು ಲೇದಾ ನಿಮಗೆ, ನಾಚಿಕೆ ಬ್ಯಾಡ್ವಾ?"

ದೊಡ್ಡೀರಪ್ಪ ನೆಲ ನೋಡಿದ.

ಗೀತಮ್ಮ ಟವೆಲು ಬಿಚ್ಚಿ ಸ್ಪೇಸರನ್ನು ಮೇಜಿನ ಮೇಲಿಟ್ಟಳು. ಓಬಳಪ್ಪ ಅದನ್ನು ಎತ್ತಿಕೊಂಡ. ಬಿಗಿಸದಿದ್ದರೆ ಹೀಗಾಗುತ್ತದೆ ಎಂದು ಇವಳಿಗೆ ತಿಳಿಯುವಂತೆ ತೋರಿಸೋಣವೆಂದು ಅದನ್ನು ತಿರುವಿದವನು ಬೆಳಕಿಗೆ ಹಿಡಿದ. ಹಬ್ಬಿಗೆ ತಾಗಿ ಕೂರಬೇಕಾದ ಮುಖದ ಅರ್ಧ ಭಾಗ ಅಲುಗಾಟಕ್ಕೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು; ಇನ್ನರ್ಧದಲ್ಲಿ ಹಬ್ಬಿನ ಕಂದು ತುಕ್ಕಿನ ಹಕ್ಕಳೆಯ ಅಚ್ಚು ಒತ್ತಿಕೊಂಡಿತ್ತು. ಅಂದರೆ ಬಿಲ್ಲೆ ಮೊದಲ ದಿನದಿಂದಲೇ ಸಮನಾಗಿ ಕೂತಿರಲಿಲ್ಲ. ತುಕ್ಕಿನ ಮೇಲೆ ಕೂತಿತ್ತು. ತುಕ್ಕು ಪುಡಿಯಾದಂತೆ ನಟ್ಟು ಸಡಿಲವಾಗಿತ್ತು.

ನಾಲ್ಕನೆಯ ಚಕ್ರಕ್ಕೆ ಅವನು ಬ್ರಷ್ಷು ಹಾಕಿರಲಿಲ್ಲ. ಬ್ರಷ್ಷು ಕೈಯಲ್ಲೇ ಇತ್ತು. ಅದನ್ನು ಬೂಟಿನ ಕಡೆ ಚಾಚಿ ಜನರನ್ನು ನಗಿಸುತ್ತಿದ್ದ.

ಆ ಗುರುತನ್ನು ಓದಬಲ್ಲವರು ಚಳ್ಳಕೆರೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಲೇತ್ ನಡೆಸುವ ದೊಡ್ಡೀರಪ್ಪನಿಗೂ ಅದು ಬರೀ ಕೊಳೆಯಾಗಿ ಕಾಣುತ್ತಿತ್ತು. ಬಿಲ್ಲೆಯನ್ನು ಮೇಜಿನ ಮೇಲೆ ಮಗುಚಿಟ್ಟು, "ನೋಡಮ್ಮ, ಬರ್ರಿ ಅಂದ್ರೂ ಬರ್ಲಿಲ್ಲ" ಎಂದರೆ ಮುಗಿದುಹೋಗುತ್ತಿತ್ತು. ಎಲ್ಲರೂ ತಲೆದೂಗುತ್ತಿದ್ದರು. ಇಪ್ಪತ್ತು ವರ್ಷ ಅವನು ಇಂಥ ಕೆಲಸಗಳ್ಳರನ್ನೇ ಹೆಸರು ಹಿಡಿದು ಉಗಿದಿದ್ದ. ಆ ಬೈಗುಳಗಳೆಲ್ಲ ಅವನಿಗೆ ಗೊತ್ತಿದ್ದವು. ಈಗ ಒಂದೊಂದಾಗಿ ಅವನ ಮೇಲೇ ಬಂದು ಕೂತವು.

"ಇದು..." ಎಂದ. "ಇದರಾಗೆ ನನ್ನ ತಪ್ಪೂ ಐತಮ್ಮ."

"ಏನಂದ್ರಿ?"

"ಈ ಚಕ್ರಕ್ಕೆ ನಾನು ತುಕ್ಕು ತಿಕ್ಕಿರ್ಲಿಲ್ಲ. ಮಾತಾಡ್ತಾ ಮರೆತೆ. ಅವರು ಬಿಗಿ ಮಾಡಿಸಿದ್ರೆ ಆವಾಗ ಗೊತ್ತಾಗ್ತಿತ್ತೇನೋ. ಆದ್ರೆ ಸಡ್ಲ ಆಗೋಕೆ ಶುರು ಮಾಡ್ದೋನು ನಾನೇ."

"ಜೋರಾಗಿ ಹೇಳ್ರಿ. ಅವತ್ತಿನ ಮಾತು ರಸ್ತೆಗೆಲ್ಲ ಕೇಳ್ತಿತ್ತಂತೆ."

ಓಬಳಪ್ಪ ಜೋರಾಗಿ ಹೇಳಿದ. ಯಾರೂ ನಗಲಿಲ್ಲ. ನಾಗರಾಜ ಮುಂದೆ ಬಂದು ಅವನ ಅಂಗಿಗೆ ಕೈ ಹಾಕಲು ಹೋದಾಗ ಗೀತಮ್ಮ ತಡೆದಳು. "ಬ್ಯಾಡ ಬಿಡು. ಕೈ ಮುರಿದ್ರೆ ಕೆಲಸ ಯಾರು ಮಾಡ್ತಾರೆ? ನೋಡ್ರಿ, ಆ ಹಳೇ ಕಬ್ಬಿಣದ ಚಕ್ರ, ಅದಕ್ಕೆ ತಕ್ಕ ಸ್ಟಡ್ಡು, ಎಲ್ಲಾ ಮೊದ್ಲಿನಂಗೆ ಹಾಕ್ರಿ. ನಾನು ನಿಂತು ನೋಡ್ತೀನಿ. ಮಾತು ಬ್ಯಾಡ."

ಕೆಲಸ ನಾಲ್ಕು ದಿನ ಹಿಡಿಯಿತು. ಕಾರನ್ನು ಎಳೆದು ತಂದು, ಬಗ್ಗಿದ ಬ್ರೇಕ್ ಡ್ರಮ್ಮಿನ ಬದಲು ಹೊಸದು ತರಿಸಿ, ಹದಿನಾರೂ ಸ್ಟಡ್ಡುಗಳನ್ನು ಬದಲಾಯಿಸಬೇಕಾಯಿತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಗಂಡನಿಗೆ ಊಟ ಕೊಟ್ಟು ಗೀತಮ್ಮ ದಿನವೂ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಪ್ರತಿ ಹಬ್ಬನ್ನೂ ಉಜ್ಜಿದ ಮೇಲೆ ಅವಳು ಬೆರಳಾಡಿಸಿ ನೋಡಿ, ತಲೆಯಾಡಿಸಿದ ನಂತರವೇ ಚಕ್ರ ಏರುತ್ತಿತ್ತು. ನಟ್ಟುಗಳನ್ನು ಸುತ್ತಲೂ ಸಾಲಾಗಿ ಬಿಗಿಯದೆ ಎದುರುಬದುರಾಗಿ ಯಾಕೆ ಬಿಗಿಯುತ್ತೀರಿ ಎಂದು ಕೇಳಿದಳು. ಇದೂ ಗೊತ್ತಿಲ್ಲವೇ ಎನ್ನುವ ಮಾತು ಓಬಳಪ್ಪನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹೇಳಿಕೊಟ್ಟ: ಒಂದು ಕಡೆಯಿಂದ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ.

ಕೊನೆಯ ದಿನ ನಾಗರಾಜ ಕಾರು ತೆಗೆದುಕೊಂಡು ಹೊರಟಾಗ ಓಬಳಪ್ಪ, "ಐವತ್ತು ಕಿಲೋಮೀಟ್ರು..." ಎಂದು ಶುರು ಮಾಡಿದ.

"ಗೊತ್ತೈತೆ" ಎಂದಳು ಗೀತಮ್ಮ. "ಈ ಸಲ ನಾವು ಬರಲ್ಲ, ನೀವು ಬರ್ರಿ. ಬಸ್ಸು ಐತೆ."

ಅವನು ಹೋದ. ರೆಂಚನ್ನು ಚೀಲದಲ್ಲಿ ಸುತ್ತಿಕೊಂಡು, ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತೇ ಮೊಳಕಾಲ್ಮೂರಿಗೆ ಬಂದಿಳಿದ. ಬೀದಿಯುದ್ದಕ್ಕೂ ಮನೆಗಳೊಳಗಿಂದ ಮಗ್ಗದ ಸದ್ದು. ಹನುಮಂತರಾಜು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ; ಅವನ ಸುತ್ತ ಐದಾರು ನೇಕಾರರು. ಇಂಥ ಗಳಿಗೆಗಾಗಿ ಅವನು ವಾರದಿಂದ ಕಾದಿದ್ದನೆಂದು ಮುಖವೇ ಹೇಳುತ್ತಿತ್ತು.

"ಬಂದ್ರಾ ಮಹಾರಾಜ್ರು? ಬ್ರಷ್ಷು ತಂದೀರಾ, ಇಲ್ಲ ನಮ್ಮನೆ ಪೊರಕೆ ಕೊಡ್ಲಾ?"

ನೇಕಾರರು ನಕ್ಕರು. ಅಷ್ಟು ಜನರ ನಡುವೆ ಒಬ್ಬನೇ ನಿಂತು ನಗೆಪಾಟಲಾಗುವುದು ಹೇಗಿರುತ್ತದೆಂದು ಓಬಳಪ್ಪನಿಗೆ ಅಂದು ತಿಳಿಯಿತು. ಅದು ಅವನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಗೀತಮ್ಮ ಒಳಗಿನಿಂದ ಬಂದಳು.

"ಚಾಲು. ಸಾಕು ಮಾಡ್ರಿ ಇಬ್ರೂ. ಆ ರೆಂಚು ಇಲ್ಲಿ ಕೊಡ್ರಿ."

ಸೆರಗು ಸಿಕ್ಕಿಸಿ, ಕುಕ್ಕುರುಗಾಲಲ್ಲಿ ಕೂತು, ಅವಳೇ ಬಿಗಿದಳು. ಓಬಳಪ್ಪ ಪಕ್ಕದಲ್ಲಿ ನಿಂತು ಯಾವುದಾದ ಮೇಲೆ ಯಾವುದೆಂದು ಬೆರಳು ತೋರಿಸಿದ. ಹದಿನಾರು ನಟ್ಟುಗಳಲ್ಲಿ ಮೂರು ಕೂದಲೆಳೆಯಷ್ಟು ತಿರುಗಿದವು. ಉಳಿದವು ಅಲುಗದೆ ಟಕ್ಕೆಂದವು. ಬೀದಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಜಗಲಿಯ ಮೇಲಿನ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ.

ಕೈ ತೊಳೆದುಕೊಳ್ಳುತ್ತಿದ್ದಾಗ ಹನುಮಂತರಾಜು ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದ: "ಅಲ್ಲಾ, ಸ್ಪೇಸರ್ ಇಲ್ದೆ ಆ ಅಲಾಯ್ ಚಕ್ರ ಕೂರಲ್ವಾ?"

ಓಬಳಪ್ಪನ ಬಾಯಲ್ಲಿ ಒಮ್ಮೆಗೇ ಹತ್ತು ಉತ್ತರ ನುಗ್ಗಿ ಬಂದವು. ಗೀತಮ್ಮ ಅವನನ್ನೇ ನೋಡುತ್ತಿದ್ದಳು.

"ಕೂರಲ್ಲ" ಎಂದ. ಅಷ್ಟೇ ಹೇಳಿ ಚೀಲ ಎತ್ತಿಕೊಂಡ.

ಕಾಫಿ ಕುಡಿದು ಹೋಗಿ ಎಂದು ಯಾರೂ ಕರೆಯಲಿಲ್ಲ, ಅವನೂ ಕಾಯಲಿಲ್ಲ. ಆ ಕಾರು ಆಮೇಲೂ ಅವನ ಶೆಡ್ಡಿಗೇ ಬರುತ್ತಿತ್ತು, ನಾಗರಾಜನ ಜೊತೆ. ಹನುಮಂತರಾಜು ಮಾತ್ರ ತನ್ನ ಶಪಥ ಮುರಿಯಲಿಲ್ಲ. ಓಬಳಪ್ಪನ ನಾಲಗೆ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಚಕ್ರ ಬಿಚ್ಚಿ ಹಾಕಿದ ಗಾಡಿಯವರಿಗೆ ಮೂರನೆಯ ದಿನ ಅವನೇ ಫೋನು ಮಾಡಿ, ಮರ್ಯಾದೆಯಿಂದ, "ಬಂದು ಬಿಗಿ ಮಾಡಿಸ್ಕೊಂಡು ಹೋಗ್ರಿ" ಎನ್ನುತ್ತಿದ್ದ. ಬೈಗುಳವೇನಿದ್ದರೂ ಅವರು ಬಂದು, ನಟ್ಟು ಬಿಗಿಯಾದ ಮೇಲೆ.